ಗ್ರಹಾಂ ಬೆಲ್ ಅವರು ಮತ್ತು ನಮ್ಮ ಮನೆಯ ಫೋನ್ ತಂತಿ

ಈ ಸಲ ಗೋಡೆ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆಯಬೇಕು ಎಂದು ಅಕ್ಕೋರು ಹೇಳಿದ್ರು. ನಾನು ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರನ್ನು ಆರಿಸಿಕೊಂಡೆ. ಯಾಕಂದ್ರೆ ಈ ಮಳೆಗಾಲದಲ್ಲಿ ನಮ್ಮ ಮನೆಯ ಫೋನು ಹಾಳಾಗಿತ್ತು. ಮುಂಬಯಿಯಿಂದ ಅಪ್ಪ ಫೋನ್ ಮಾಡಿದ್ರೆ ಬರೀ ಗರಗರ ಸದ್ದು. ನಮ್ಮ ಅಜ್ಜಿಗೆ ಮೊದಲೇ ಕಿವಿ ಸ್ವಲ್ಪ ಮಂದ. ತನ್ನ ಕಿವಿಯೇ ಪೂರ್ತಿ ಹೋಯ್ತು ಎಂದು ತಿಳಿದು ಅವಳು ಫೋನಿನ ಹತ್ತಿರ ಬರುವುದನ್ನೇ ಬಿಟ್ಟಿದ್ದಳು. ಅದು ಹೇಗೆ ಸರಿಯಾಯಿತು ಎಂದು ಕೊನೆಗೆ ಹೇಳುತ್ತೇನೆ. ಮೊದಲು ಬೆಲ್ ಅವರ ಕಥೆ.

ಬೆಲ್ ಅವರು 1847ನೇ ಇಸವಿ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಜನಿಸಿದರು. ಅವರ ಅಜ್ಜ ಮತ್ತು ತಂದೆ ಇಬ್ಬರೂ ಜನರಿಗೆ ಸ್ಪಷ್ಟವಾಗಿ ಮಾತಾಡಲು ಕಲಿಸುವ ಗುರುಗಳು. ಆದರೆ ತಾಯಿ ಎಲಿಜಾ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೆಲ್ ತಾಯಿಯ ಹಣೆಯ ಹತ್ತಿರ ಬಾಯಿ ಇಟ್ಟು ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ತಾಯಿಗೆ ಅದು ತಿಳಿಯುತ್ತಿತ್ತು. ಅವರು ಬಹಳ ತುಂಟರೂ ಆಗಿದ್ದರು. ಮನೆಯ ನಾಯಿ ಗುರ್ ಎನ್ನುವಾಗ ಅದರ ಬಾಯಿ, ಗಂಟಲನ್ನು ಕೈಯಲ್ಲಿ ಆಡಿಸಿ ಮಾತಿನಂತೆ ಕೇಳುವ ಹಾಗೆ ಮಾಡಿದ್ದರಂತೆ!

ಅವರ ಜೀವನದಲ್ಲಿ ದುಃಖವೂ ಬಂತು. 1867ರಲ್ಲಿ ತಮ್ಮ, 1870ರಲ್ಲಿ ಅಣ್ಣ, ಇಬ್ಬರೂ ಕ್ಷಯರೋಗದಿಂದ ತೀರಿಕೊಂಡರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕು ಎಂದು ತಂದೆ ತಾಯಿ ಅವರನ್ನು ಕರೆದುಕೊಂಡು 1870ರಲ್ಲಿ ಕೆನಡಾ ದೇಶಕ್ಕೆ ಹೋದರು. ಮರುವರ್ಷ ಬೆಲ್ ಅಮೆರಿಕದ ಬೋಸ್ಟನ್ ನಗರಕ್ಕೆ ಬಂದು ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಮಾಸ್ತರರಾದರು. ಮಕ್ಕಳು ಸನ್ನೆ ಭಾಷೆ ಬಿಟ್ಟು ಬಾಯಿಂದಲೇ ಮಾತಾಡಬೇಕು ಎಂಬುದು ಅವರ ಹಟ. ಅದು ತಪ್ಪು ಎಂದು ಈಗ ಕಿವಿ ಕೇಳದವರಲ್ಲಿ ತುಂಬಾ ಜನ ಹೇಳುತ್ತಾರೆ. ದೊಡ್ಡವರೂ ಎಲ್ಲದರಲ್ಲಿ ಸರಿ ಇರುವುದಿಲ್ಲ.

ಹಗಲು ಪಾಠ, ರಾತ್ರಿ ಪ್ರಯೋಗ. ಒಂದೇ ತಂತಿಯಲ್ಲಿ ಒಂದೇ ಸಲಕ್ಕೆ ಹಲವು ತಂತಿ ಸಂದೇಶ ಕಳಿಸಬೇಕು ಎಂದು ಅವರು ಉಕ್ಕಿನ ತೆಳು ಪಟ್ಟಿಗಳನ್ನು ಇಟ್ಟು ಯಂತ್ರ ಮಾಡುತ್ತಿದ್ದರು. ಥಾಮಸ್ ವಾಟ್ಸನ್ ಎಂಬ ಯುವಕ ಅವರ ಸಹಾಯಕ. 1875ರ ಜೂನ್ 2ರಂದು ಒಂದು ಪಟ್ಟಿ ಅಂಟಿಕೊಂಡು ಕೆಲಸ ನಿಲ್ಲಿಸಿತು. ಅದನ್ನು ಬಿಡಿಸಲು ವಾಟ್ಸನ್ ಬೆರಳಿನಿಂದ ಮೀಟಿದ. ಬೇರೆ ಕೋಣೆಯಲ್ಲಿದ್ದ ಬೆಲ್ ಅವರ ಯಂತ್ರದಲ್ಲಿ ಅದೇ ಪಟ್ಟಿಯ ನಾದ ಕೇಳಿತು! ಬೆಲ್ ಓಡಿ ಬಂದು, ಏನನ್ನೂ ಬದಲಿಸಬೇಡ, ಈಗ ಮಾಡಿದ್ದನ್ನೇ ತೋರಿಸು ಎಂದರು. ಸದ್ದಿನ ಅಲೆಯೇ ವಿದ್ಯುತ್ ಅಲೆಯಾಗಿ ತಂತಿಯಲ್ಲಿ ಹೋಗುತ್ತದೆ ಎಂದು ಆಗ ತಿಳಿಯಿತು. ನಾವಾದರೆ ಯಂತ್ರ ಹಾಳಾಯ್ತು ಎಂದು ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಬೆಲ್ ಹಾಳಾದದ್ದಕ್ಕೆ ಕಿವಿ ಕೊಟ್ಟರು.

1876ರ ಮಾರ್ಚ್ 7ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ಮಾರ್ಚ್ 10ರಂದು ಅವರು ಫೋನಿನಲ್ಲಿ ವಾಟ್ಸನ್‌ನನ್ನು ಕರೆದಾಗ ಆತ ಪಕ್ಕದ ಕೋಣೆಯಿಂದ ಬಂದೇ ಬಿಟ್ಟ. ಎಲಿಷಾ ಗ್ರೇ, ಆಂಟೋನಿಯೊ ಮೆಯುಚ್ಚಿ ಎಂಬವರೂ ಇದೇ ಕೆಲಸ ಮಾಡಿದ್ದರು. ಯಾರು ಮೊದಲು ಎಂದು ಕೋರ್ಟಿನಲ್ಲಿ ಬಹಳ ಜಗಳ ನಡೆಯಿತು.

1877ರಲ್ಲಿ ಬೆಲ್ ತಮ್ಮ ಶಿಷ್ಯೆ ಮೇಬಲ್ ಅವರನ್ನು ಮದುವೆಯಾದರು. ಮೇಬಲ್ ಐದನೇ ವಯಸ್ಸಿನಲ್ಲೇ ಜ್ವರ ಬಂದು ಕಿವಿ ಕಳೆದುಕೊಂಡಿದ್ದರು. ಲೋಕವೆಲ್ಲ ಫೋನಿನಲ್ಲಿ ಮಾತಾಡಿತು. ಅವರಿಗೆ ಗಂಡ ಮಾಡಿದ ಫೋನಿನಲ್ಲಿ ಒಂದು ಮಾತೂ ಕೇಳಲು ಆಗಲಿಲ್ಲ. ಇದನ್ನು ಓದುವಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು.

ಮೊದಲಿನ ಫೋನುಗಳಲ್ಲಿ ಒಂದೇ ತಂತಿ, ಇನ್ನೊಂದರ ಬದಲು ಭೂಮಿಯೇ. ಹೀಗಾಗಿ ಹತ್ತಿರದ ತಂತಿಗಳ ಸದ್ದೆಲ್ಲ ಒಳಗೆ ಬರುತ್ತಿತ್ತು. 1881ರಲ್ಲಿ ಬೆಲ್ ಎರಡು ತಂತಿಗಳನ್ನು ಹುರಿ ಹೊಸೆದ ಹಾಗೆ ಒಂದಕ್ಕೊಂದು ಸುತ್ತುವ ಉಪಾಯಕ್ಕೆ ಪೇಟೆಂಟ್ ಪಡೆದರು. ಸುತ್ತಿದಾಗ ಹೊರಗಿನ ಸದ್ದು ಎರಡಕ್ಕೂ ಸಮನಾಗಿ ತಾಗಿ ಒಂದನ್ನೊಂದು ಅಳಿಸುತ್ತದೆ, ಮಾತು ಮಾತ್ರ ಉಳಿಯುತ್ತದೆ. ಅದಕ್ಕೂ ಮೊದಲು 1880ರಲ್ಲಿ ಅವರು ಸೂರ್ಯನ ಬೆಳಕಿನ ಕಿರಣದ ಮೇಲೆ ಮಾತನ್ನು ಸುಮಾರು 213 ಮೀಟರ್ ದೂರ ಕಳಿಸಿದ್ದರು. ಈಗ ಫೈಬರ್ ಎನ್ನುವ ಗಾಜಿನ ಎಳೆಯಲ್ಲಿ ಮಾತು ಬೆಳಕಾಗಿಯೇ ಬರುತ್ತದೆ.

ಭಾರತದಲ್ಲಿ 1882ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ಎಕ್ಸ್‌ಚೇಂಜ್ ಶುರುವಾಯಿತು. ಹಳ್ಳಿಗಳಿಗಾಗಿ ಸಿ-ಡಾಟ್ ಸಂಸ್ಥೆ ತಯಾರಿಸಿದ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಬಂತು. ಬೆಲ್ 1922ರ ಆಗಸ್ಟ್ 2ರಂದು ಕೆನಡಾದಲ್ಲಿ ತೀರಿಕೊಂಡರು. ಅವರ ಅಂತ್ಯಸಂಸ್ಕಾರದ ವೇಳೆ ಅಮೆರಿಕ, ಕೆನಡಾಗಳಲ್ಲಿ ಫೋನುಗಳನ್ನೆಲ್ಲ ಒಂದು ನಿಮಿಷ ನಿಲ್ಲಿಸಿದರು.

ಈಗ ನಮ್ಮ ಮನೆಯ ಕಥೆ. ಫೈಬರ್ ಬಂದ ಮೇಲೆ ಜಗಲಿಯ ಗೋಡೆಗೆ ಇಂಟರ್ನೆಟ್ ಪೆಟ್ಟಿಗೆ ಹೊಡೆದಿದ್ದಾರೆ. ಅಲ್ಲಿಂದ ಅಜ್ಜಿಯ ಕೋಣೆಗೆ ಹಳೆಯ ಫೋನ್ ತಂತಿಯೇ ಹೋಗಿದೆ. ವೈರಿಂಗ್ ಬಲ್ಲ ನಮ್ಮ ಮಾವ ಬಂದು ಮೊದಲು ಫೋನನ್ನು ಕಿತ್ತು ನೇರ ಪೆಟ್ಟಿಗೆಗೇ ಸಿಕ್ಕಿಸಿದ. ಮಾತು ಸ್ವಚ್ಛ! ಹಾಗಾದ್ರೆ ಪೆಟ್ಟಿಗೆ ಸರಿ, ಹೊರಗಿನ ಲೈನೂ ಸರಿ, ತಪ್ಪು ಮನೆಯ ತಂತಿಯಲ್ಲೇ. ಪೆಟ್ಟಿಗೆಯ ಕರೆಂಟ್ ತೆಗೆದು ನಾವಿಬ್ಬರೂ ತಂತಿ ಹಿಡಿದು ಹುಡುಕುತ್ತಾ ಹೋದೆವು. ಕಿಟಕಿಯ ಮೇಲೆ ಹಂಚಿನ ನೀರು ಬೀಳುವಲ್ಲಿ ಹಳೆಯ ಜೋಡಣೆ ಇತ್ತು. ಟೇಪು ಬಿಚ್ಚಿ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಅಲ್ಲಿಂದ ಮುಂದೆ ಎರಡು ಎಳೆಗಳನ್ನೂ ಬಿಡಿಸಿ ಲೈಟಿನ ವೈರಿಗೆ ತಾಗಿಸಿಕೊಂಡೇ ಎಳೆದಿದ್ದರು. ಬೆಲ್ 1881ರಲ್ಲಿ ಸುತ್ತಿದ್ದನ್ನು ನಮ್ಮ ಮನೆಯಲ್ಲಿ ಯಾರೋ ಬಿಚ್ಚಿಟ್ಟಿದ್ದರು! ಮಾವ ಆ ತುಂಡು ತೆಗೆದು ಸುತ್ತಿದ ಹೊಸ ತಂತಿಯನ್ನು ಲೈಟಿನ ವೈರಿನಿಂದ ದೂರ, ನೀರು ಬೀಳದ ಕಡೆ ಹಾಕಿದ.

ನಿಮ್ಮ ಮನೆಯಲ್ಲೂ ಗರಗರ ಬಂದ್ರೆ ಮೊದಲು ಹೀಗೆ ಪೆಟ್ಟಿಗೆಗೇ ಸಿಕ್ಕಿಸಿ ನೋಡಿ. ಆದ್ರೆ ತಂತಿಯನ್ನು ನೀವೇ ಮುಟ್ಟಬೇಡಿ, ರಿಂಗ್ ಆಗುವಾಗ ಅದರಲ್ಲೂ ಶಾಕ್ ಹೊಡೆಯುತ್ತದೆ. ಇನ್ನೊಂದು ಮಾತು. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಈ ಪೆಟ್ಟಿಗೆಗೆ ಹಾಗಲ್ಲ, ಮನೆಯ ಕರೆಂಟ್ ಹೋದ್ರೆ ಫೋನೂ ಹೋಗುತ್ತದೆ.

ಅಂದು ರಾತ್ರಿ ಅಪ್ಪ ಫೋನ್ ಮಾಡಿದ್ರು. ನಾನು ರಿಸೀವರನ್ನು ಅಜ್ಜಿಯ ಕಿವಿಗೆ ಹಿಡಿದೆ. ಅವಳು ಮೊದಲು ಬೇಡ ಎಂದಳು. ಆಮೇಲೆ ಅರ್ಧ ಗಂಟೆ ಕೊಡಲೇ ಇಲ್ಲ. ಯಾರಿಗಾದರೂ ಕಿವಿ ಕೇಳೂದಿಲ್ಲ ಎನ್ನುವ ಮೊದಲು ತಂತಿ ಸರಿ ಇದೆಯೋ ಎಂದು ನೋಡಬೇಕು. ಬೆಲ್ ಅವರ ಜೀವನದಿಂದ ನಾನು ಕಲಿತದ್ದು ಇದೇ.