ಒಂದು ಹನಿ ರಕ್ತವನ್ನು ನಂಬಿದ ಪಶುವೈದ್ಯ

ಪಶುವೈದ್ಯಕೀಯ ಓದುವ ನಮ್ಮಂಥವರು ಹತ್ತಾರು ಬಾರಿ ಬರೆಯುವ ಹೆಸರು ‘ಟ್ರಿಪನೊಸೋಮಾ ಇವಾನ್ಸಿ’. ಕುದುರೆ, ಒಂಟೆ, ನಾಯಿ, ದನ, ಎಮ್ಮೆಗಳಿಗೆ ಸರ್ರಾ ರೋಗ ತರುವ ಪರಾವಲಂಬಿ ಇದು. ಈ ಹೆಸರಿನಲ್ಲಿರುವ ಇವಾನ್ಸ್ ಯಾರೆಂದು ಹುಡುಕುತ್ತಾ ಹೋದ ನನಗೆ ಸಿಕ್ಕಿದ್ದು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರ ನೂರು ವರ್ಷಗಳ ಬದುಕು.

ಇವಾನ್ಸ್ ಹುಟ್ಟಿದ್ದು 1835ರಲ್ಲಿ, ವೇಲ್ಸ್‌ನ ರೈತ ಕುಟುಂಬವೊಂದರಲ್ಲಿ. ಲಂಡನ್ನಿನ ರಾಯಲ್ ಪಶುವೈದ್ಯ ಕಾಲೇಜಿನಲ್ಲಿ ಓದಿ 1855ರಲ್ಲಿ ಪದವಿ ಪಡೆದರು. ಮುಂದೆ ಸೇನೆಯ ಫಿರಂಗಿ ದಳದ ಕುದುರೆಗಳ ವೈದ್ಯರಾಗಿ ಕೆನಡಾಕ್ಕೆ ಹೋದರು. ಕೆಲಸದ ಜೊತೆಯಲ್ಲೇ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ವೈದ್ಯಶಾಸ್ತ್ರವನ್ನೂ ಓದಿ 1864ರಲ್ಲಿ ಎಂ.ಡಿ. ಪಡೆದರು. ಸೂಕ್ಷ್ಮದರ್ಶಕದ ನಂಟು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1877ರಲ್ಲಿ ಅವರು ಭಾರತಕ್ಕೆ ಬಂದರು. ಮೂರು ವರ್ಷಗಳ ನಂತರ ಪಂಜಾಬಿನ ಗಡಿಯ ಡೇರಾ ಇಸ್ಮಾಯಿಲ್ ಖಾನ್‌ಗೆ ಹೋಗುವಂತೆ ಆದೇಶ ಬಂತು. ಇಂದು ಪಾಕಿಸ್ತಾನದಲ್ಲಿರುವ ಆ ಊರಿನಲ್ಲಿ ಸೇನೆಯ ಕುದುರೆಗಳೂ ಒಂಟೆಗಳೂ ಜ್ವರ ಬಂದು, ರಕ್ತಹೀನವಾಗಿ, ಸೊರಗಿ ಸಾಯುತ್ತಿದ್ದವು. ಸ್ಥಳೀಯರು ಅದನ್ನು ಸರ್ರಾ, ಅಂದರೆ ಕೊಳೆತದ್ದು ಎಂದು ಕರೆಯುತ್ತಿದ್ದರು.

ಇವಾನ್ಸ್ ರೋಗಪೀಡಿತ ಪ್ರಾಣಿಗಳ ರಕ್ತ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಕೆಂಪು ರಕ್ತಕಣಗಳ ನಡುವೆ ಹಾವಿನಂತೆ ಹೊರಳಾಡುವ ಜೀವಿಗಳು ಕಂಡವು. ಅಷ್ಟಕ್ಕೇ ನಿಲ್ಲದೆ ಆ ರಕ್ತವನ್ನು ಆರೋಗ್ಯವಾಗಿದ್ದ ಪ್ರಾಣಿಗಳಿಗೆ ಸೇರಿಸಿ ನೋಡಿದರು. ಅವುಗಳಿಗೂ ರೋಗ ಬಂತು, ಅವುಗಳ ರಕ್ತದಲ್ಲೂ ಅದೇ ಜೀವಿಗಳು ಕಾಣಿಸಿಕೊಂಡವು. ಕಚ್ಚುವ ದೊಡ್ಡ ನೊಣಗಳಿಂದ ರೋಗ ಬರುತ್ತದೆಂಬ ಸ್ಥಳೀಯರ ಮಾತನ್ನೂ ಅವರು ತಳ್ಳಿಹಾಕಲಿಲ್ಲ.

ಆದರೆ ಅವರ ವರದಿಯನ್ನು ಮೇಲಿನವರು ಒಪ್ಪಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಟಿಮೊಥಿ ಲೂಯಿಸ್ ಎಂಬ ವೈದ್ಯರು ಕಲ್ಕತ್ತಾದಲ್ಲಿ ಇಲಿಗಳ ರಕ್ತದಲ್ಲಿ ಇಂಥದೇ ಜೀವಿಗಳನ್ನು ನೋಡಿದ್ದರು. ಆ ಇಲಿಗಳು ಆರೋಗ್ಯವಾಗಿಯೇ ಇದ್ದುದರಿಂದ ರಕ್ತದ ಈ ಜೀವಿಗಳು ನಿರುಪದ್ರವಿಗಳು ಎಂಬ ಅಭಿಪ್ರಾಯ ಬಲವಾಗಿತ್ತು. ಇವಾನ್ಸ್ ತಮ್ಮ ನಿಲುವು ಬದಲಿಸಲಿಲ್ಲ. 1885ರಲ್ಲಿ ಸ್ಟೀಲ್ ಎಂಬ ಇನ್ನೊಬ್ಬ ಪಶುವೈದ್ಯರು ಬರ್ಮಾದ ಹೇಸರಗತ್ತೆಗಳಲ್ಲಿ ಅದೇ ಜೀವಿಯನ್ನು ಕಂಡು ಅದಕ್ಕೆ ಇವಾನ್ಸ್ ಹೆಸರಿಟ್ಟರು. ಟ್ರಿಪನೊಸೋಮಾ ರೋಗ ತರಬಲ್ಲದೆಂದು ಮೊದಲು ತೋರಿಸಿದ ಕೀರ್ತಿ ಹೀಗೆ ಇವಾನ್ಸ್‌ಗೆ ಸಂದಿತು. ಆಫ್ರಿಕಾದ ದನಗಳ ನಗಾನ, ಮನುಷ್ಯರ ನಿದ್ರಾ ರೋಗಗಳ ಮೂಲ ಪತ್ತೆಯಾದದ್ದು ಆಮೇಲೆ.

1890ರಲ್ಲಿ ನಿವೃತ್ತರಾದ ಇವಾನ್ಸ್ ವೇಲ್ಸ್‌ನ ಬ್ಯಾಂಗರ್‌ನಲ್ಲಿ ನೆಲೆಸಿ, ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿದರು. ಲಿವರ್‌ಪೂಲ್‌ನ ಉಷ್ಣವಲಯ ವೈದ್ಯ ಸಂಸ್ಥೆಯ ಮೇರಿ ಕಿಂಗ್ಸ್‌ಲಿ ಪದಕ ಅವರಿಗೆ ಬಂದದ್ದು 1917ರಲ್ಲಿ, ಅಂದರೆ ಸಂಶೋಧನೆ ನಡೆದು 37 ವರ್ಷಗಳ ಬಳಿಕ! ನೂರು ತುಂಬಿದ ವರ್ಷವೇ, 1935ರಲ್ಲಿ, ತೀರಿಕೊಂಡರು.

ಅವರು ಮಾಡಿದ ಪರೀಕ್ಷೆಯನ್ನೇ ನಾವು ಇಂದಿಗೂ ಮಾಡುತ್ತೇವೆ. ಕಿವಿಯ ಅಂಚಿನ ರಕ್ತನಾಳದಿಂದ ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲಿಟ್ಟು, ತೆಳು ಗಾಜು ಮುಚ್ಚಿ ತಕ್ಷಣ ನೋಡಿದರೆ ಜೀವಿಗಳ ಓಡಾಟ ಕಾಣುತ್ತದೆ. ತೆಳುವಾಗಿ ಸವರಿ ಒಣಗಿಸಿ, ಜಿಮ್ಸಾ ಬಣ್ಣ ಹಾಕಿದರೆ ಆಕಾರ ಸ್ಪಷ್ಟವಾಗುತ್ತದೆ. ಜ್ವರ ಏರಿದಾಗ ರಕ್ತ ತೆಗೆಯುವುದು ಮುಖ್ಯ, ಏಕೆಂದರೆ ಈ ಜೀವಿಗಳ ಸಂಖ್ಯೆ ರಕ್ತದಲ್ಲಿ ಏರಿಳಿಯುತ್ತಿರುತ್ತದೆ. ಒಮ್ಮೆ ಕಾಣದಿದ್ದರೆ ರೋಗವಿಲ್ಲ ಎನ್ನುವಂತಿಲ್ಲ, ಮತ್ತೆ ನೋಡಬೇಕು.

ಜ್ವರ ಬಂದ ಎಮ್ಮೆಗೆ ರಕ್ತ ಪರೀಕ್ಷೆ ಏಕೆ, ಸೂಜಿ ಹಾಕಿ ಕಳಿಸಿ ಎನ್ನುವವರನ್ನು ನಾನು ನೋಡಿದ್ದೇನೆ. ಅವರ ಅವಸರ ಅರ್ಥವಾಗುತ್ತದೆ, ಹಾಲು ನಿಂತರೆ ಮನೆಯ ಆದಾಯವೇ ನಿಲ್ಲುತ್ತದೆ. ಆದರೆ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೊಟಿಕ್ ಸರ್ರಾಕ್ಕೆ ನಾಟುವುದಿಲ್ಲ, ಅದರ ಔಷಧಿಯೇ ಬೇರೆ. ಊಹೆಯ ಮೇಲೆ ಮದ್ದು ಕೊಟ್ಟು ಕಳೆಯುವ ಒಂದೊಂದು ದಿನವೂ ರೈತನಿಗೆ ನಷ್ಟ. ಹಿರಿಯರ ಅಭಿಪ್ರಾಯಕ್ಕಿಂತ ಕಣ್ಣೆದುರಿನ ಹನಿ ರಕ್ತಕ್ಕೆ ಬೆಲೆ ಕೊಟ್ಟ ಇವಾನ್ಸ್ ನನ್ನಂಥ ಕಿರಿಯರಿಗೆ ಮಾದರಿಯಾಗುವುದು ಇದೇ ಕಾರಣಕ್ಕೆ.