ನರದ ಬುಡ ಹುಡುಕಿದ ಹಕೀಮ್ ಇಬ್ನ್ ಸೀನಾ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಯಾರಿಗಾದರೂ ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದುಹೋದರೆ ಲಕ್ವಾ ಹೊಡೆಯಿತು ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಪಾರ್ಶ್ವವಾಯು, ಪಕ್ಷವಾತ ಅಂತೇವೆ. ಲಕ್ವಾ ಅರಬಿ ಶಬ್ದ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ವೈದ್ಯ ಗ್ರಂಥದಲ್ಲಿ ಮುಖ ಸೊಟ್ಟಗಾಗುವ ಕಾಯಿಲೆಯನ್ನು ಇದೇ ಹೆಸರಲ್ಲಿ ವಿವರಿಸಿದ್ದರು. ಅರ್ಧ ದೇಹವೇ ಬಿದ್ದುಹೋದರೆ ಅದಕ್ಕೆ ಫಾಲಿಜ್ ಎಂಬ ಬೇರೆ ಹೆಸರು.

ಇಬ್ನ್ ಸೀನಾ ಹುಟ್ಟಿದ್ದು ಕ್ರಿ.ಶ. 980ರಲ್ಲಿ, ಈಗಿನ ಉಜ್ಬೇಕಿಸ್ತಾನದ ಬುಖಾರಾ ಹತ್ತಿರದ ಅಫ್ಶನಾ ಹಳ್ಳಿಯಲ್ಲಿ. ಹತ್ತು ವರ್ಷಕ್ಕೆಲ್ಲಾ ಕುರ್‌ಆನ್ ಬಾಯಿಪಾಠ. ಲೆಕ್ಕ ಕಲಿತದ್ದು ಸೊಪ್ಪು ಮಾರುವವರೊಬ್ಬರ ಹತ್ತಿರ. 16ರ ಪ್ರಾಯದಲ್ಲೇ ರೋಗಿಗಳನ್ನು ನೋಡತೊಡಗಿದ್ದರು. ಓದಿನಲ್ಲಿ ಗಂಟು ಬಿದ್ದರೆ ಮಸೀದಿಗೆ ಹೋಗಿ ನಮಾಝ್ ಮಾಡಿ ದುಆ ಕೇಳುತ್ತಿದ್ದರು. ಮನೆಗೆ ಬಂದು ದೀಪ ಹಚ್ಚಿ ಮತ್ತೆ ಕಿತಾಬು ಬಿಡಿಸುತ್ತಿದ್ದರು. ದುಆ ಮಾಡಿದೆ, ಇನ್ನು ಓದುವುದು ಬೇಡ ಅಂತ ಅವರು ಕೂತದ್ದಿಲ್ಲ.

ಬುಖಾರಾದ ಅರಸ ನೂಹ್ ಬಿನ್ ಮನ್ಸೂರ್ ಕಾಯಿಲೆ ಬಿದ್ದಾಗ ಆಸ್ಥಾನದ ವೈದ್ಯರ ಜೊತೆ ಈ ಹುಡುಗನನ್ನೂ ಕರೆಸಿದರು. ಅದರಿಂದ ಅರಮನೆಯ ಗ್ರಂಥಾಲಯದ ಬಾಗಿಲು ತೆರೆಯಿತು. ತಂದೆ ತೀರಿಕೊಂಡ ಮೇಲೆ ಊರೂರು ಅಲೆದಾಟ. ಹಮದಾನಿನಲ್ಲಿ ವಝೀರರಾದರು, ಅಲ್ಲೇ ಸುಮಾರು ನಾಲ್ಕು ತಿಂಗಳು ಕೋಟೆಯೊಂದರಲ್ಲಿ ಸೆರೆಯಲ್ಲೂ ಇದ್ದರು. ಈ ಅಲೆದಾಟದ ನಡುವೆಯೇ ಐದು ಭಾಗಗಳ ಅಲ್-ಖಾನೂನ್ ಬರೆದು ಮುಗಿಸಿದರು. 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಹೋದ ಈ ಗ್ರಂಥ 17ನೇ ಶತಮಾನದ ತನಕ ಯುರೋಪಿನಲ್ಲಿ ಪಾಠವಾಗಿತ್ತು.

ಅದರ ಮೂರನೇ ಭಾಗ ತಲೆಯಿಂದ ಕಾಲಿನವರೆಗಿನ ರೋಗಗಳದ್ದು. ಮೊದಲು ಮೆದುಳು, ಆಮೇಲೆ ನರ. ಮೆದುಳಿಗೆ ಒಂದು ಗಟ್ಟಿ, ಒಂದು ತೆಳು ಪೊರೆ ಇದೆ. ಕೆಲವು ನರಗಳು ಮೆದುಳಿನಿಂದಲೇ ಹೊರಡುತ್ತವೆ, ಉಳಿದವು ಬೆನ್ನುಹುರಿಯಿಂದ. ಮುಟ್ಟಿದ್ದು ತಿಳಿಯುವುದೂ ಕೈ ಎತ್ತುವುದೂ ನರದಿಂದಲೇ ಎಂದು ವಿವರಿಸಿದರು. ಹಾಗಾಗಿ ಕೈ ಬಿದ್ದುಹೋದರೆ ಕೈಗೆ ಎಣ್ಣೆ ತಿಕ್ಕಿದರೆ ಸಾಲದು, ನರದ ಬುಡ ಹುಡುಕಬೇಕು.

ಎಲ್ಲವೂ ಸರಿಯಿತ್ತು ಅಂತಲ್ಲ. ಗ್ರೀಕ್ ವೈದ್ಯ ಗ್ಯಾಲನನನ್ನು ಅನುಸರಿಸಿ ತಲೆಯ ನರಗಳು 7 ಜೋಡಿ ಎಂದರು; ಈಗ ಲೆಕ್ಕ 12 ಜೋಡಿ. ಮೆದುಳಿನೊಳಗಿನ ಪೊಟರೆಗಳಲ್ಲಿ ಮುಂದಿನದು ಕಂಡದ್ದು ಕೇಳಿದ್ದನ್ನು ಕೂಡಿಸುತ್ತದೆ, ನಡುವಿನದು ಯೋಚಿಸುತ್ತದೆ, ಹಿಂದಿನದು ನೆನಪಿಡುತ್ತದೆ ಎಂದು ತಿಳಿದಿದ್ದರು. ಆ ಪೊಟರೆಗಳಲ್ಲಿರುವುದು ಬರೀ ದ್ರವ. ಯೋಚನೆ, ನೆನಪು ಎಲ್ಲ ಸುತ್ತಲಿನ ನರಕೋಶಗಳ ಕೆಲಸ ಎಂದು ಈಗ ಗೊತ್ತಾಗಿದೆ. ಹಿಂಭಾಗದ ಕಿರುಮೆದುಳು ದೇಹದ ತೂಕ ತಪ್ಪದಂತೆ ನೋಡಿಕೊಳ್ಳುತ್ತದೆ, ಮೆದುಳಿನ ಕಾಂಡ ಉಸಿರಾಟ ನಡೆಸುತ್ತದೆ. ಎಡ ಮೆದುಳಿಗೆ ಏಟಾದರೆ ಬಲಗೈ ಬೀಳುತ್ತದೆ.

ಅವರ ಒಂದು ಮಾತು ಮಾತ್ರ ಇಂದಿಗೂ ಬೇಕು. ಮನಸ್ಸಿನ ಕಾಯಿಲೆ ಜಿನ್ನ್‌ನಿಂದ ಬರುತ್ತದೆಂದು ಕೆಲವು ವೈದ್ಯರು ಹೇಳುತ್ತಿದ್ದರು. ಇಬ್ನ್ ಸೀನಾ ಆ ಚರ್ಚೆಗೇ ಹೋಗಲಿಲ್ಲ. ಮೂಲ ಏನೇ ಇರಲಿ, ಕೆಡುವುದು ದೇಹ. ವೈದ್ಯ ಚಿಕಿತ್ಸೆ ಕೊಡಬೇಕಾದದ್ದು ದೇಹಕ್ಕೆ ಎಂಬುದು ಅವರ ನಿಲುವು. ಅಪಸ್ಮಾರವನ್ನೂ ಮೆದುಳಿನ ರೋಗಗಳ ಸಾಲಿಗೇ ಸೇರಿಸಿದರು.

1037ರ ರಮಝಾನಿನಲ್ಲಿ ಹಮದಾನಿನಲ್ಲಿ ಹೊಟ್ಟೆಶೂಲೆಯಿಂದ ತೀರಿಕೊಂಡರು. ಕೊನೆಗಾಲದಲ್ಲಿ ಗುಲಾಮರನ್ನು ಬಿಡುಗಡೆ ಮಾಡಿ, ಸದಕಾ ಕೊಟ್ಟು, ಮೂರು ದಿನಕ್ಕೊಮ್ಮೆ ಕುರ್‌ಆನ್ ಖತಂ ಮಾಡುತ್ತಿದ್ದರಂತೆ.

ಈಗಲೂ ನಮ್ಮಲ್ಲಿ ಬಾಯಿ ಸೊಟ್ಟಗಾದವರನ್ನು, ಫಿಟ್ಸ್ ಬಂದವರನ್ನು ಮೊದಲು ನೂಲು ಕಟ್ಟಿಸಲು ಕರೆದೊಯ್ಯುವವರಿದ್ದಾರೆ. ಮೆದುಳಿನ ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ರಾಮದುರ್ಗ, ಸವದತ್ತಿಯಂಥ ಊರಿನಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವ ದಾರಿಯೇ ಒಂದೆರಡು ಗಂಟೆ ತಿನ್ನುತ್ತದೆ. ಬಾಯಿ ಓರೆಯಾಯಿತು, ಎತ್ತಿದ ಕೈ ಕೆಳಗೆ ಬಿತ್ತು, ಮಾತು ತೊದಲಿತು ಅಂತ ಕಂಡ ಕೂಡಲೇ 108ಕ್ಕೆ ಫೋನ್ ಮಾಡಿ. ದುಆವನ್ನು ಆಂಬುಲೆನ್ಸಿನಲ್ಲಿ ಕೂತೂ ಮಾಡಬಹುದು.