ಕರ್ನಲ್ ಮೆಕೆಂಜಿ: ಸಂಗ್ರಹ ಮತ್ತು ಸೂಚಿ

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1754ರ ಸುಮಾರಿಗೆ ಜನಿಸಿದ ಕಾಲಿನ್ ಮೆಕೆಂಜಿಯವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ 1783ರಲ್ಲಿ ಮದರಾಸಿಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯ ಮೋಜಣಿ ಅವರ ಪಾಲಿಗೆ ಬಂದಿತು. ನೆಲವನ್ನು ಅಳೆಯುತ್ತಲೇ ಅವರು ಊರೂರಿನ ಓಲೆಗರಿ, ನಾಣ್ಯಗಳನ್ನು ಸಂಗ್ರಹಿಸಿದರು, ಶಾಸನಗಳನ್ನು ಪ್ರತಿಮಾಡಿಸಿದರು, ಸ್ಥಳಚರಿತ್ರೆಯ ಕೈಫಿಯತ್ತುಗಳನ್ನು ಬರೆಯಿಸಿದರು. ದೇಶಭಾಷೆಗಳನ್ನು ಸ್ವತಃ ಓದಲಾರದ ಅವರಿಗೆ ಕಣ್ಣಾದವರು ಕಾವಲಿ ವೆಂಕಟ ಬೋರಯ್ಯನವರು. 1803ರಲ್ಲಿ ಬೋರಯ್ಯನವರು ತೀರಿಕೊಂಡ ಬಳಿಕ ಅವರ ತಮ್ಮ ಲಕ್ಷ್ಮಯ್ಯನವರು.

1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಮೆಕೆಂಜಿಯವರು ಸಂಗ್ರಹದ ಸೂಚಿಯನ್ನು ಸಿದ್ಧಪಡಿಸುವ ಮೊದಲೇ 1821ರಲ್ಲಿ ನಿಧನರಾದರು. ಎಚ್. ಎಚ್. ವಿಲ್ಸನ್ನರ ವಿವರಣಾತ್ಮಕ ಸೂಚಿ ಹೊರಬಂದುದು 1828ರಲ್ಲಿ. ಸಂಗ್ರಹವಾದರೋ ಲಂಡನ್, ಮದರಾಸುಗಳಿಗೆ ಹಂಚಿಹೋಯಿತು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಗ್ರಂಥವಾಗಿ ಬಂದಾಗ 1994 ಆಗಿತ್ತು.

ಇಂದು ಹಸ್ತಪ್ರತಿಗಳು ಗಣಕದಲ್ಲಿ ಬಿಂಬಗಳಾಗಿ ಉಳಿಯುತ್ತಿವೆ. ಚದುರಿದ ಸಂಗ್ರಹಗಳನ್ನು ಒಂದೆಡೆ ನೋಡುವುದೂ ಸಾಧ್ಯವಾಗಿದೆ. ಅಳಿಯುವ ಬರಹವನ್ನು ಹೊಸ ಮಾಧ್ಯಮಕ್ಕೆ ದಾಟಿಸಿದ ಮೆಕೆಂಜಿಯವರು ಈ ಕಾರ್ಯಕ್ಕೆ ಪೂರ್ವಸೂರಿಗಳು. ಆದರೆ ಓದಿ ಸೂಚಿ ಬರೆಯಬಲ್ಲ ಬೋರಯ್ಯ, ಲಕ್ಷ್ಮಯ್ಯರಂಥವರು ಇಲ್ಲದೆ ಪ್ರತಿ ಉಳಿದರೂ ಅದು ಮೂಕವೇ ಎಂಬುದನ್ನು ಅವರ ಜೀವನವೇ ತಿಳಿಸುತ್ತದೆ.